ಪಿಎಚ್‌ಡಿಗೆ ಹಣ ಯಾರ ಜೇಬಿನದು? ಸೀಟು ಹುಡುಕುವ ಮೊದಲು ಹೋಲಿಸಬೇಕಾದ ದಾರಿಗಳು

ಪಿಎಚ್‌ಡಿ ಮಾಡಬೇಕು ಅಂತ ಮನಸ್ಸು ಮಾಡಿದವರು ಮೊದಲು ತೆರೆಯುವುದು ವಿಶ್ವವಿದ್ಯಾಲಯಗಳ ರ‍್ಯಾಂಕಿಂಗ್ ಪಟ್ಟಿ. ಅದರಲ್ಲಿ ಹತ್ತು ಹೆಸರು ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಅಲ್ಲಿನ ಪ್ರೊಫೆಸರ್‌ಗಳನ್ನು ಹುಡುಕುತ್ತಾರೆ, ಎಲ್ಲ ಮುಗಿದ ಮೇಲೆ ‘ಸ್ಕಾಲರ್‌ಶಿಪ್ ಏನಾದರೂ ಇದೆಯಾ’ ಎಂದು ಕೇಳುತ್ತಾರೆ. ನನ್ನ ಪ್ರಕಾರ ಈ ಕ್ರಮ ತಲೆಕೆಳಗು. ಡಾಕ್ಟರೇಟ್ ಹಂತದಲ್ಲಿ ನಿಮ್ಮ ಮುಂದಿನ ಮೂರರಿಂದ ಆರು ವರ್ಷಗಳ ದಿನಚರಿಯನ್ನು ತೀರ್ಮಾನಿಸುವುದು ವಿಶ್ವವಿದ್ಯಾಲಯದ ಹೆಸರಿಗಿಂತ ಹೆಚ್ಚಾಗಿ ಹಣದ ಮೂಲ. ವಿಷಯ ಬದಲಿಸಬಹುದೇ, ಗೈಡ್ ಜೊತೆ ಹೊಂದಿಕೆಯಾಗದಿದ್ದರೆ ಬೇರೆಯವರ ಬಳಿ ಹೋಗಬಹುದೇ, ಪಾಠ ಮಾಡಬೇಕೇ, ಪ್ರಬಂಧ ಬರೆಯುವ ಕೊನೆಯ ವರ್ಷದಲ್ಲಿ ಬಾಡಿಗೆಗೆ ದುಡ್ಡಿರುತ್ತದೆಯೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲೇ ಸಿಗುತ್ತದೆ.

ಹಾಗಾಗಿ ಇಲ್ಲಿ ವಿಶ್ವವಿದ್ಯಾಲಯಗಳನ್ನು ಹೋಲಿಸುವುದಿಲ್ಲ. ಹಣ ಬರುವ ದಾರಿಗಳನ್ನು ಹೋಲಿಸುತ್ತೇನೆ. ಪ್ರತಿಯೊಂದರ ಮುಂದೆಯೂ ಮೂರು ಪ್ರಶ್ನೆ ಇಟ್ಟುಕೊಳ್ಳಿ: ಹಣ ಯಾರದು, ಅದಕ್ಕೆ ಪ್ರತಿಯಾಗಿ ಅವರಿಗೇನು ಬೇಕು, ಅದು ಯಾವ ತಿಂಗಳಿಗೆ ನಿಲ್ಲುತ್ತದೆ.

ನೌಕರಿಯಾಗಿ ಸಿಗುವ ಪಿಎಚ್‌ಡಿ

ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಸಂಶೋಧನಾರ್ಥಿ ಬಹುಮಟ್ಟಿಗೆ ವಿಶ್ವವಿದ್ಯಾಲಯದ ನೌಕರ. ಹುದ್ದೆಗೆ ಜಾಹೀರಾತು ಬರುತ್ತದೆ, ನೀವು ಅರ್ಜಿ ಹಾಕುತ್ತೀರಿ, ಸಂದರ್ಶನ ನಡೆಯುತ್ತದೆ. ಆಯ್ಕೆಯಾದರೆ ಸಂಬಳ, ರಜೆ, ಪಿಂಚಣಿ ಕಡಿತ, ತೆರಿಗೆ ಎಲ್ಲವೂ ಉಳಿದ ಉದ್ಯೋಗಿಗಳಿಗೆ ಇದ್ದಂತೆಯೇ. ಟ್ಯೂಷನ್ ಫೀಸ್ ಎಂಬ ಮಾತೇ ಇಲ್ಲ. ಜರ್ಮನಿಯಲ್ಲಿ ಸೆಮಿಸ್ಟರಿಗೊಮ್ಮೆ ಒಂದು ಸಣ್ಣ ಶುಲ್ಕ ಇರುತ್ತದೆ, ಅಷ್ಟೇ. ಹೆರಿಗೆ ರಜೆ, ಕಾಯಿಲೆ ರಜೆಗಳಿಗೆ ಕಾನೂನಿನ ಬೆಂಬಲ ಇರುವುದರಿಂದ ಸಂಸಾರಸ್ಥರಿಗೆ ಇದಕ್ಕಿಂತ ನಿಶ್ಚಿಂತೆಯ ವ್ಯವಸ್ಥೆ ಸಿಗುವುದು ಕಷ್ಟ.

ಆದರೆ ಜಾಹೀರಾತನ್ನು ಓದುವ ಕಲೆ ಗೊತ್ತಿರಬೇಕು. ಜರ್ಮನಿಯ ಜಾಹೀರಾತಿನಲ್ಲಿ ‘ಟಿವಿ-ಎಲ್ ಇ13, 65%’ ಎಂದು ಇರುತ್ತದೆ. ಟಿವಿ-ಎಲ್ ಎನ್ನುವುದು ರಾಜ್ಯ ಸರ್ಕಾರಿ ನೌಕರರ ವೇತನ ಒಪ್ಪಂದ, ಇ13 ಅದರಲ್ಲಿ ಸ್ನಾತಕೋತ್ತರ ಪದವೀಧರರ ಶ್ರೇಣಿ. ಇವೆರಡೂ ಬಹುತೇಕ ಕಡೆ ಒಂದೇ, ಕಣ್ಣಿಡಬೇಕಾದ್ದು ಕೊನೆಯ ಅಂಕಿಯ ಮೇಲೆ. 65% ಎಂದರೆ ಪೂರ್ಣ ಸಂಬಳದ 65%, ಕಾಗದದ ಮೇಲೆ ಕೆಲಸದ ಗಂಟೆಗಳೂ ಅಷ್ಟೇ. ಲ್ಯಾಬಿನಲ್ಲಿ ಕಳೆಯುವ ಹೊತ್ತು ಮಾತ್ರ ಪೂರ್ತಿ. ಕಂಪ್ಯೂಟರ್ ವಿಜ್ಞಾನ, ಎಂಜಿನಿಯರಿಂಗ್‌ಗಳಲ್ಲಿ 100% ಹುದ್ದೆಗಳು ಸಾಮಾನ್ಯ, ಏಕೆಂದರೆ ಅಲ್ಲಿ ಕಂಪನಿಗಳ ಜೊತೆ ಪೈಪೋಟಿ ಇದೆ. ಜೀವವಿಜ್ಞಾನದಲ್ಲಿ, ಮಾನವಿಕ ವಿಷಯಗಳಲ್ಲಿ 50%, 65% ಹೆಚ್ಚು ಕಾಣುತ್ತವೆ. ಒಂದೇ ಊರಿನ ಒಂದೇ ವಿಶ್ವವಿದ್ಯಾಲಯದಲ್ಲಿ ಅಕ್ಕಪಕ್ಕದ ಕಟ್ಟಡದ ಇಬ್ಬರ ಸಂಬಳದಲ್ಲಿ ಇಷ್ಟು ಅಂತರ ಇರುವುದು ಅನ್ಯಾಯವೆನಿಸಿದರೂ ವಾಸ್ತವ ಇದೇ.

ಎರಡನೆಯದಾಗಿ ನೋಡಬೇಕಾದ್ದು ಅವಧಿ. ನೆದರ್ಲೆಂಡ್ಸ್‌ನಲ್ಲಿ ನಾಲ್ಕು ವರ್ಷದ ಕರಾರು ಸಾಮಾನ್ಯ. ಮೊದಲ ವರ್ಷದ ಕೊನೆಗೆ ಒಂದು ಮೌಲ್ಯಮಾಪನ ಇರುತ್ತದೆ, ಅಲ್ಲಿ ದಾಟಿದರೆ ಮುಂದಿನದು ನಿರಾಳ. ಸ್ವೀಡನ್‌ನಲ್ಲಿ ನಾಲ್ಕು ವರ್ಷದ ಅಧ್ಯಯನಕ್ಕೆ ವಿಭಾಗದ ಕೆಲಸ ಗರಿಷ್ಠ 20% ಸೇರಿ ಸಾಮಾನ್ಯವಾಗಿ ಐದು ವರ್ಷ ಆಗುತ್ತದೆ. ನಾರ್ವೆಯಲ್ಲಿ ಮೂರು ವರ್ಷ, ಅಥವಾ 25% ಬೋಧನೆ ಸೇರಿಸಿ ನಾಲ್ಕು. ಜರ್ಮನಿಯಲ್ಲಿ ಪ್ರಾಜೆಕ್ಟ್ ಹಣದ ಹುದ್ದೆಗಳಿಗೆ ಹಲವು ಸಲ ಮೂರೇ ವರ್ಷದ ಕರಾರು ಇರುತ್ತದೆ, ಪ್ರಬಂಧ ಮುಗಿಯಲು ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಆ ನಡುವಿನ ತಿಂಗಳುಗಳಿಗೆ ಏನು ವ್ಯವಸ್ಥೆ ಎಂದು ಸಂದರ್ಶನದಲ್ಲೇ ಕೇಳಿ. ಕೇಳಿದರೆ ತಪ್ಪು ತಿಳಿಯುತ್ತಾರೇನೋ ಎಂಬ ಅಳುಕು ಬೇಡ. ಇದು ನೌಕರಿ, ನೌಕರಿಯ ಷರತ್ತು ಕೇಳುವುದು ಸಹಜ.

ಈ ದಾರಿಯ ದೊಡ್ಡ ಮಿತಿ ವಿಷಯದ್ದು. ಪ್ರೊಫೆಸರ್ ಮೊದಲೇ ಯೋಜನೆ ಬರೆದು, ಹಣ ತಂದು, ಆಮೇಲೆ ನಿಮ್ಮನ್ನು ಹುಡುಕುತ್ತಿರುತ್ತಾರೆ. ಪ್ರಶ್ನೆ ಅವರದು, ಉತ್ತರ ಹುಡುಕುವ ಕೆಲಸ ನಿಮ್ಮದು. ಸ್ವಂತ ಪ್ರಶ್ನೆಯೊಂದನ್ನು ವರ್ಷಗಳಿಂದ ತಲೆಯಲ್ಲಿ ಹೊತ್ತು ತಿರುಗುತ್ತಿರುವವರಿಗೆ ಇದು ಉಸಿರುಗಟ್ಟಿಸಬಹುದು. ಮತ್ತೊಂದು ಮಾತು: ಇಲ್ಲೆಲ್ಲ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಬೇಕೇ ಬೇಕು.

ಇದೇ ಗುಂಪಿಗೆ ಸೇರಿದ್ದು ಯುರೋಪಿಯನ್ ಒಕ್ಕೂಟದ ಮರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳು. ಹಲವು ದೇಶಗಳ ವಿಶ್ವವಿದ್ಯಾಲಯಗಳು, ಕೆಲವು ಕಂಪನಿಗಳು ಸೇರಿ ಒಂದು ವಿಷಯದ ಸುತ್ತ ಹತ್ತಾರು ಸಂಶೋಧನಾರ್ಥಿಗಳನ್ನು ನೇಮಿಸಿಕೊಳ್ಳುತ್ತವೆ. ಸಂಬಳ ಚೆನ್ನಾಗಿರುತ್ತದೆ, ಪಾಲುದಾರ ಸಂಸ್ಥೆಗಳಲ್ಲಿ ಕೆಲವು ತಿಂಗಳು ಕೆಲಸ ಮಾಡುವ ಅವಕಾಶವೂ ಉಂಟು. ಯಾವ ದೇಶದವರಾದರೂ ಅರ್ಜಿ ಹಾಕಬಹುದು. ಒಂದು ವಿಚಿತ್ರ ನಿಯಮ ಮಾತ್ರ ನೆನಪಿರಲಿ: ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಾಗಿರಬಾರದು. ಜರ್ಮನಿಯಲ್ಲಿ ಎರಡು ವರ್ಷದ ಮಾಸ್ಟರ್ಸ್ ಈಗಷ್ಟೇ ಮುಗಿಸಿದವರಿಗೆ ಜರ್ಮನಿಯ ಹುದ್ದೆ ಸಿಗದು, ಪಕ್ಕದ ಆಸ್ಟ್ರಿಯಾದ್ದು ಸಿಗಬಹುದು. ಒಳ್ಳೆಯ ಅಂಕ, ಒಳ್ಳೆಯ ಶಿಫಾರಸು ಪತ್ರ ಇದ್ದೂ ಈ ಒಂದೇ ಕಾರಣಕ್ಕೆ ಅರ್ಜಿ ಬಿದ್ದುಹೋಗುತ್ತದೆ.

ವಿಭಾಗಕ್ಕೆ ಸೇರುವ ದಾರಿ

ಅಮೆರಿಕದ ಪದ್ಧತಿಯೇ ಬೇರೆ. ಅಲ್ಲಿ ನಿಮಗೆ ಪ್ರವೇಶ ಕೊಡುವುದು ವಿಭಾಗ. ನಾಲ್ಕು ವರ್ಷದ ಪದವಿ ಮುಗಿಸಿದವರೂ ಸ್ನಾತಕೋತ್ತರ ಇಲ್ಲದೆ ನೇರವಾಗಿ ಸೇರಬಹುದು. ಮೊದಲ ಎರಡು ವರ್ಷ ತರಗತಿ, ಆಮೇಲೆ ಅರ್ಹತಾ ಪರೀಕ್ಷೆ, ಅನಂತರ ಸಂಶೋಧನೆ. ಒಟ್ಟು ಐದಾರು ವರ್ಷ, ಮಾನವಿಕಗಳಲ್ಲಿ ಇನ್ನೂ ಹೆಚ್ಚು. ಹಣ ಮೂರು ರೂಪದಲ್ಲಿ ಬರುತ್ತದೆ: ಪಾಠ ಮಾಡಿದ್ದಕ್ಕೆ ಟೀಚಿಂಗ್ ಅಸಿಸ್ಟೆಂಟ್‌ಶಿಪ್, ಪ್ರೊಫೆಸರ್‌ರ ಯೋಜನೆಯಲ್ಲಿ ದುಡಿದದ್ದಕ್ಕೆ ರಿಸರ್ಚ್ ಅಸಿಸ್ಟೆಂಟ್‌ಶಿಪ್, ಯಾವ ಕೆಲಸದ ಕಟ್ಟೂ ಇಲ್ಲದ ಫೆಲೋಶಿಪ್. ಮೂರರಲ್ಲೂ ಸಾಮಾನ್ಯವಾಗಿ ಟ್ಯೂಷನ್ ಮನ್ನಾ ಆಗುತ್ತದೆ.

ಇದರ ಮುಖ್ಯ ಲಾಭ ತಪ್ಪು ತಿದ್ದಿಕೊಳ್ಳಲು ಸಿಗುವ ಅವಕಾಶ. ಜೀವವಿಜ್ಞಾನದ ಹಲವು ವಿಭಾಗಗಳಲ್ಲಿ ಮೊದಲ ವರ್ಷ ಒಂದರ ನಂತರ ಒಂದು ಲ್ಯಾಬಿನಲ್ಲಿ ಕೆಲವು ವಾರ ಕೆಲಸ ಮಾಡಿ, ಆಮೇಲೆ ಗೈಡನ್ನು ಆರಿಸಿಕೊಳ್ಳುವ ಪದ್ಧತಿ ಇದೆ. ಯುರೋಪಿನ ನೌಕರಿ ಮಾದರಿಯಲ್ಲಿ ಗೈಡ್ ಜೊತೆ ಕೆಟ್ಟರೆ ಹುದ್ದೆಯೇ ಹೋಗಬಹುದು. ಇಲ್ಲಿ ವಿಭಾಗ ನಿಮ್ಮನ್ನು ಹಿಡಿದಿಟ್ಟುಕೊಂಡಿರುತ್ತದೆ. ಯಾವ ಉಪವಿಷಯ ಎಂದು ಇನ್ನೂ ಗಟ್ಟಿಯಾಗದ, ಓದು ಇನ್ನಷ್ಟು ಬೇಕು ಅನ್ನಿಸುವ ಇಪ್ಪತ್ತೆರಡು ವರ್ಷದವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಈ ದಾರಿಯನ್ನೇ.

ಎಚ್ಚರಿಕೆಗಳು ಮೂರು. ಪ್ರಸ್ತಾವ ಪತ್ರದಲ್ಲಿ (ಆಫರ್ ಲೆಟರ್) ಬರೆದ ಮೊತ್ತ ಒಂಬತ್ತು ತಿಂಗಳದ್ದೋ ಹನ್ನೆರಡು ತಿಂಗಳದ್ದೋ ನೋಡಿ. ಒಂಬತ್ತಾದರೆ ಬೇಸಿಗೆಯ ಮೂರು ತಿಂಗಳ ಖರ್ಚಿಗೆ ನೀವೇ ದಾರಿ ಹುಡುಕಬೇಕು, ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಇಲ್ಲದೆ ಹೊರಗೆ ದುಡಿಯುವಂತೆಯೂ ಇಲ್ಲ. ಎರಡು, ಟ್ಯೂಷನ್ ಮನ್ನಾ ಆದರೂ ‘ಫೀಸ್’ ಎಂಬ ಹೆಸರಿನಲ್ಲಿ ಬೇರೊಂದು ಬಾಬತ್ತು ಉಳಿದಿರುತ್ತದೆ, ಆರೋಗ್ಯ ವಿಮೆಯ ಕಂತೂ ಇರಬಹುದು. ಮೂರು, ಫೆಡರಲ್ ಸರ್ಕಾರದ ಹಣದ ಮೇಲೆ ಈ ಇಡೀ ವ್ಯವಸ್ಥೆ ಎಷ್ಟು ನಿಂತಿದೆ ಎಂಬುದು 2025ರಲ್ಲಿ ಎಲ್ಲರಿಗೂ ಅರಿವಾಯಿತು. ಸಂಶೋಧನಾ ಅನುದಾನಕ್ಕೆ ಕತ್ತರಿ ಬಿದ್ದ ಕೂಡಲೇ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಇಳಿಸಿದವು, ಕೆಲವು ಕಡೆ ಕೊಟ್ಟ ಪ್ರವೇಶವನ್ನೇ ಹಿಂಪಡೆದರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಡುವ ಹೆಸರಾಂತ ಎನ್‌ಎಸ್‌ಎಫ್ ಗ್ರಾಜುಯೇಟ್ ಫೆಲೋಶಿಪ್ ಕೂಡ ಆ ದೇಶದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಹೊರಗಿನವರು ಅದರ ಹಿಂದೆ ಸಮಯ ಕಳೆಯಬೇಕಿಲ್ಲ.

ಬ್ರಿಟನ್: ಶುಲ್ಕದ ಎರಡು ತಕ್ಕಡಿ

ಬ್ರಿಟನ್‌ನಲ್ಲಿ ಪಿಎಚ್‌ಡಿ ಚಿಕ್ಕದು, ಮೂರರಿಂದ ನಾಲ್ಕು ವರ್ಷ. ಮೊದಲ ದಿನದಿಂದಲೇ ಸಂಶೋಧನೆ. ಪೂರ್ತಿ ಹಣದ ಸೀಟನ್ನು ಸ್ಟೂಡೆಂಟ್‌ಶಿಪ್ ಎನ್ನುತ್ತಾರೆ. ಸರ್ಕಾರಿ ಅನುದಾನ ಸಂಸ್ಥೆ ಯುಕೆಆರ್‌ಐ 2025–26ಕ್ಕೆ ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್. ಇದಕ್ಕೆ ಆದಾಯ ತೆರಿಗೆ ಇಲ್ಲ. ಯುರೋಪಿನ ಸಂಬಳದ ಜೊತೆ ಹೋಲಿಸುವಾಗ ಅಲ್ಲಿನದು ತೆರಿಗೆಗೆ ಮೊದಲಿನ ಅಂಕಿ, ಇಲ್ಲಿನದು ಕೈಗೆ ಬರುವ ಅಂಕಿ ಎಂಬುದು ಮರೆಯಬಾರದು. ಆದರೆ ತೆರಿಗೆ ಇಲ್ಲ ಎಂದರೆ ನೀವು ನೌಕರರೂ ಅಲ್ಲ. ಪಿಂಚಣಿ ಇಲ್ಲ, ನೌಕರರಿಗಿರುವ ಕಾನೂನಿನ ರಕ್ಷಣೆಯೂ ಕಡಿಮೆ.

ಇಲ್ಲಿ ಕೈ ಸುಟ್ಟುಕೊಳ್ಳುವುದು ಶುಲ್ಕದ ವಿಷಯದಲ್ಲಿ. ಸ್ಥಳೀಯರಿಗೆ ಒಂದು ಶುಲ್ಕ, ವಿದೇಶಿಯರಿಗೆ ಅದರ ಹಲವು ಪಟ್ಟು. 2021ರಿಂದ ಯುಕೆಆರ್‌ಐ ಸ್ಟೂಡೆಂಟ್‌ಶಿಪ್‌ಗಳು ವಿದೇಶಿಯರಿಗೂ ತೆರೆದುಕೊಂಡಿವೆ, ಆದರೆ ಹೊಸದಾಗಿ ಸೇರುವ ಪ್ರತಿ ತಂಡದಲ್ಲಿ ಅವರ ಪಾಲು 30% ದಾಟುವಂತಿಲ್ಲ. ಅದರಲ್ಲಿ ಆಯ್ಕೆಯಾದರೆ ಶುಲ್ಕದ ಅಂತರವನ್ನು ನಿಮ್ಮಿಂದ ವಸೂಲಿ ಮಾಡುವಂತಿಲ್ಲ. ತೊಂದರೆ ಇರುವುದು ವಿಶ್ವವಿದ್ಯಾಲಯ ತನ್ನದೇ ಹಣದಲ್ಲಿ ಕೊಡುವ ಕೆಲವು ಸ್ಟೂಡೆಂಟ್‌ಶಿಪ್‌ಗಳಲ್ಲಿ. ಜಾಹೀರಾತಿನ ತಲೆಬರಹದಲ್ಲಿ ‘ಪೂರ್ಣ ಅನುದಾನಿತ’ ಎಂದಿರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಸ್ಥಳೀಯ ದರದ ಶುಲ್ಕ ಮಾತ್ರ’ ಎಂದು. ಉಳಿದದ್ದನ್ನು ನೀವು ತುಂಬಬೇಕು, ಅದು ಹಲವು ಸಲ ಇಡೀ ಸ್ಟೈಪೆಂಡನ್ನು ನುಂಗಿಬಿಡುವಷ್ಟು ದೊಡ್ಡದು. ಮೂಗಿಗೆ ತುಪ್ಪ ಸವರಿದಂತೆ, ನೂರಕ್ಕೆ ಇಪ್ಪತ್ತು ಶುಲ್ಕ ರಿಯಾಯಿತಿ ಕೊಟ್ಟು ‘ಸ್ಕಾಲರ್‌ಶಿಪ್’ ಎಂದು ಕರೆಯುವ ಕಡೆಗಳೂ ಇವೆ. ಅಂಥದ್ದನ್ನು ಅನುದಾನ ಎಂದು ಲೆಕ್ಕಕ್ಕೇ ಹಿಡಿಯಬೇಡಿ.

ಆಸ್ಟ್ರೇಲಿಯಾದ್ದು ಹೆಚ್ಚು ಕಡಿಮೆ ಇದೇ ಮಾದರಿ. ಅಲ್ಲಿನ ರಿಸರ್ಚ್ ಟ್ರೈನಿಂಗ್ ಪ್ರೋಗ್ರಾಂ ಶುಲ್ಕ ಮತ್ತು ಸ್ಟೈಪೆಂಡ್ ಎರಡನ್ನೂ ಕೊಡುತ್ತದೆ. ನ್ಯೂಜಿಲೆಂಡ್‌ನಲ್ಲಿ ಪಿಎಚ್‌ಡಿ ಮಾಡುವ ವಿದೇಶಿಯರಿಗೂ ಸ್ಥಳೀಯ ದರದ ಶುಲ್ಕವೇ, ಇದು ಹಲವರ ಗಮನಕ್ಕೆ ಬಂದಿಲ್ಲ. ಫ್ರಾನ್ಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಡಾಕ್ಟರೇಟ್ ನೋಂದಣಿ ವರ್ಷಕ್ಕೆ ಸುಮಾರು 400 ಯೂರೋ.

ನಿಮ್ಮ ಹೆಸರಿಗೇ ಬರುವ ಫೆಲೋಶಿಪ್

ಜರ್ಮನಿಯ ಡಿಎಎಡಿ, ಜಪಾನ್ ಸರ್ಕಾರದ ಮೆಕ್ಸ್ಟ್, ಬ್ರಿಟನ್‌ನ ಕಾಮನ್‌ವೆಲ್ತ್ ಸ್ಕಾಲರ್‌ಶಿಪ್, ಅಮೆರಿಕದ ಫುಲ್‌ಬ್ರೈಟ್, 2009ರಲ್ಲಿ ಶುರುವಾದ ಹಾಂಗ್‌ಕಾಂಗ್ ಪಿಎಚ್‌ಡಿ ಫೆಲೋಶಿಪ್, ಕೇಂಬ್ರಿಜ್‌ನ ಗೇಟ್ಸ್ ಸ್ಕಾಲರ್‌ಶಿಪ್ ಎಲ್ಲ ಈ ಜಾತಿಗೆ ಸೇರಿದವು. ಇಲ್ಲಿ ಹಣ ಪ್ರೊಫೆಸರ್‌ರ ಯೋಜನೆಯದಲ್ಲ, ನಿಮ್ಮದು. ಅದರಿಂದ ಆಗುವ ಬದಲಾವಣೆ ಸಣ್ಣದಲ್ಲ. ಸ್ವಂತ ಪ್ರಶ್ನೆ ಇಟ್ಟುಕೊಂಡು ಹೋಗಬಹುದು. ‘ನನ್ನ ಬಳಿ ಈಗ ಗ್ರಾಂಟ್ ಇಲ್ಲ’ ಎಂದು ಕೈಯಾಡಿಸುತ್ತಿದ್ದ ಪ್ರೊಫೆಸರ್ ಕೂಡ ಖರ್ಚಿಲ್ಲದೆ ಬರುವ ವಿದ್ಯಾರ್ಥಿಯನ್ನು ಸಂತೋಷದಿಂದ ಕರೆದುಕೊಳ್ಳುತ್ತಾರೆ.

ಪ್ರತಿಯಾಗಿ ಕೊಡುವವರ ಷರತ್ತುಗಳೂ ಹೆಚ್ಚು. ಡಿಎಎಡಿಗೆ ಸಾಮಾನ್ಯವಾಗಿ ಕೊನೆಯ ಪದವಿ ಮುಗಿದು ಆರು ವರ್ಷ ದಾಟಿರಬಾರದು. ಮೆಕ್ಸ್ಟ್‌ಗೆ 35ರೊಳಗಿನ ವಯಸ್ಸು ಬೇಕು. ಅದಕ್ಕೆ ರಾಯಭಾರ ಕಚೇರಿಯ ಮೂಲಕ ಒಂದು, ವಿಶ್ವವಿದ್ಯಾಲಯದ ಮೂಲಕ ಒಂದು, ಹೀಗೆ ಎರಡು ಬಾಗಿಲು, ಎರಡಕ್ಕೂ ಬೇರೆ ಬೇರೆ ವೇಳಾಪಟ್ಟಿ. ಕಾಮನ್‌ವೆಲ್ತ್‌ನಲ್ಲಿ ಓದು ಮುಗಿದ ಮೇಲೆ ಸ್ವದೇಶಕ್ಕೆ ಮರಳುವ ಒಪ್ಪಂದ ಇದೆ. ಫುಲ್‌ಬ್ರೈಟ್‌ನವರು ಹೋಗುವ ಜೆ-1 ವೀಸಾಕ್ಕೆ ಎರಡು ವರ್ಷ ತಾಯ್ನಾಡಿನಲ್ಲಿ ಇರಬೇಕೆಂಬ ನಿಯಮ ಅಂಟಿಕೊಂಡಿದೆ; ಅಮೆರಿಕದಲ್ಲೇ ಕೆಲಸ ಹಿಡಿಯುವ ಆಸೆ ಇದ್ದವರು ಸಹಿ ಹಾಕುವ ಮೊದಲೇ ಇದನ್ನು ಯೋಚಿಸಬೇಕು, ಆಮೇಲೆ ವಿನಾಯಿತಿ ಪಡೆಯುವುದು ಸುಲಭವಲ್ಲ.

ಇನ್ನೊಂದು ಕಾಣದ ಕೊರತೆ. ಫೆಲೋಶಿಪ್ ನಿಮ್ಮ ಊಟ ಬಾಡಿಗೆ ನೋಡಿಕೊಳ್ಳುತ್ತದೆ. ರಾಸಾಯನಿಕ, ಉಪಕರಣ, ಕ್ಷೇತ್ರಕಾರ್ಯದ ಖರ್ಚಿಗೆ ಏನೂ ಇರದೆ ಹೋಗಬಹುದು. ಪ್ರಯೋಗಾಲಯದ ವಿಷಯವಾದರೆ ‘ನನ್ನ ಪ್ರಯೋಗಗಳ ಖರ್ಚು ಯಾವ ಲೆಕ್ಕದಿಂದ’ ಎಂದು ಗೈಡನ್ನು ಕೇಳಿಟ್ಟುಕೊಳ್ಳಿ. ಉತ್ತರ ಅಸ್ಪಷ್ಟವಾಗಿದ್ದರೆ ನಾನಾದರೆ ಹಿಂಜರಿಯುತ್ತೇನೆ.

ಕಂಪನಿಯ ಹಣ

ಫ್ರಾನ್ಸ್‌ನಲ್ಲಿ 1981ರಿಂದ ಸಿಫ್ರ್ ಎಂಬ ಯೋಜನೆ ಇದೆ: ಕಂಪನಿ ನಿಮ್ಮನ್ನು ಮೂರು ವರ್ಷ ಕೆಲಸಕ್ಕೆ ಇಟ್ಟುಕೊಳ್ಳುತ್ತದೆ, ವಿಶ್ವವಿದ್ಯಾಲಯದ ಲ್ಯಾಬ್ ಮಾರ್ಗದರ್ಶನ ಕೊಡುತ್ತದೆ, ಸರ್ಕಾರ ಕಂಪನಿಗೆ ಸಹಾಯಧನ ಕೊಡುತ್ತದೆ. ಡೆನ್ಮಾರ್ಕ್‌ನಲ್ಲೂ ಇಂಥ ಇಂಡಸ್ಟ್ರಿಯಲ್ ಪಿಎಚ್‌ಡಿ ಇದೆ. ಪಿಎಚ್‌ಡಿ ನಂತರ ಕಂಪನಿಯಲ್ಲೇ ದುಡಿಯುವ ಉದ್ದೇಶ ಇರುವ ಎಂಜಿನಿಯರ್‌ಗಳಿಗೆ ಒಳ್ಳೆಯದು. ಕರಾರಿನಲ್ಲಿ ಪ್ರಕಟಣೆಯ ಷರತ್ತನ್ನು ಮಾತ್ರ ಎರಡು ಸಲ ಓದಿ. ಪ್ರತಿ ಪೇಪರಿಗೂ ಕಂಪನಿಯ ಒಪ್ಪಿಗೆ ಬೇಕು, ಒಪ್ಪಿಗೆಗೆ ಗಡುವಿಲ್ಲ ಎಂದಿದ್ದರೆ ನಿಮ್ಮ ಪ್ರಬಂಧ ಯಾರದೋ ಮೇಜಿನ ಮೇಲೆ ತಿಂಗಳುಗಟ್ಟಲೆ ಕೂತಿರುತ್ತದೆ. ಕಂಪನಿ ಮುಚ್ಚಿದರೆ, ವಿಭಾಗ ಮಾರಿದರೆ ಏನು ಎಂಬುದಕ್ಕೂ ಒಂದು ವಾಕ್ಯ ಇರಲಿ.

ಸ್ವಂತ ಖರ್ಚಿನಲ್ಲಿ?

ಪೂರ್ಣಾವಧಿ ಪಿಎಚ್‌ಡಿಗೆ ಸಾಲ ಮಾಡಿ ಹೋಗಬೇಡಿ. ಸ್ನಾತಕೋತ್ತರಕ್ಕೆ ಮಾಡಿದ ಸಾಲ ಕೆಲಸ ಸಿಕ್ಕಿ ತೀರುತ್ತದೆ. ಪಿಎಚ್‌ಡಿಯ ನಂತರ ಬರುವ ಪೋಸ್ಟ್‌ಡಾಕ್ (ತಾತ್ಕಾಲಿಕ ಸಂಶೋಧನಾ ಹುದ್ದೆ) ಸಂಬಳ ಆ ಭಾರ ಹೊರುವಂಥದ್ದಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಬುದ್ಧಿವಾದ ಇದಲ್ಲ. ಹಣ ಕೊಡದೆ ಸೇರಿಸಿಕೊಳ್ಳುವ ವಿಭಾಗ ನಿಮ್ಮ ಮೇಲೆ ಏನನ್ನೂ ಪಣಕ್ಕಿಟ್ಟಿರುವುದಿಲ್ಲ, ಆದ್ದರಿಂದ ನೀವು ಮುಗಿಸಿದರೂ ಬಿಟ್ಟರೂ ಅದಕ್ಕೆ ನಷ್ಟವಿಲ್ಲ. ಮಾರ್ಗದರ್ಶನದ ಗುಣಮಟ್ಟಕ್ಕೂ ಅದರ ಪರಿಣಾಮ ತಟ್ಟುತ್ತದೆ. ಇದಕ್ಕೆ ಹೊರತು ಒಂದುಂಟು: ಕಾಯಂ ಕೆಲಸದಲ್ಲಿದ್ದು, ಆ ಕೆಲಸಕ್ಕೇ ಸಂಬಂಧಿಸಿದ ವಿಷಯದಲ್ಲಿ ಅರೆಕಾಲಿಕವಾಗಿ ಆರೇಳು ವರ್ಷದಲ್ಲಿ ಮುಗಿಸುವವರು. ಶಿಕ್ಷಕರು, ವೈದ್ಯರು, ಗ್ರಂಥಪಾಲಕರು ಹೀಗೆ ಒಳ್ಳೆಯ ಸಂಶೋಧನೆ ಮಾಡುವುದುಂಟು. ಕೈಯಲ್ಲಿ ವಿಷಯದ ಸಾಮಗ್ರಿ ದಿನವೂ ಇರುತ್ತದೆ, ಸಂಬಳವೂ ಬರುತ್ತಿರುತ್ತದೆ.

ಹುಡುಕುವುದು ಎಲ್ಲಿ

ಜಾಹೀರಾತುಗಳಿಗೆ ಯುರೋಪಿನಲ್ಲಿ ಯೂರಾಕ್ಸೆಸ್, ನೆದರ್ಲೆಂಡ್ಸ್‌ಗೆ ಅಕಾಡೆಮಿಕ್‌ಟ್ರಾನ್ಸ್‌ಫರ್, ನಾರ್ವೆಗೆ ಯೊಬ್‌ನೋರ್ಗೆ, ಬ್ರಿಟನ್‌ಗೆ ಫೈಂಡ್‌ಎಪಿಎಚ್‌ಡಿ ಇವೆ. ಇಷ್ಟು ಎಲ್ಲರಿಗೂ ಗೊತ್ತು, ಅದಕ್ಕೇ ಅಲ್ಲಿ ಒಂದೊಂದು ಹುದ್ದೆಗೂ ನೂರಾರು ಅರ್ಜಿ.

ಕಡಿಮೆ ಜನ ಮಾಡುವ ಕೆಲಸವೊಂದಿದೆ: ಜಾಹೀರಾತು ಬರುವ ಮೊದಲೇ ಹಣ ಎಲ್ಲಿಗೆ ಬಂದಿದೆ ಎಂದು ನೋಡುವುದು. ಸಾರ್ವಜನಿಕ ಹಣ ಕೊಡುವ ಸಂಸ್ಥೆಗಳು ಯಾರಿಗೆ, ಯಾವ ವಿಷಯಕ್ಕೆ, ಎಂದಿನವರೆಗೆ ಕೊಟ್ಟಿದ್ದೇವೆ ಎಂದು ಬಹಿರಂಗವಾಗಿ ಇಡುತ್ತವೆ. ಯುರೋಪಿಯನ್ ಒಕ್ಕೂಟದ್ದು ಕಾರ್ಡಿಸ್, ಜರ್ಮನಿಯ ಡಿಎಫ್‌ಜಿಯದ್ದು ಗೆಪ್ರಿಸ್, ಅಮೆರಿಕದಲ್ಲಿ ಎನ್‌ಎಸ್‌ಎಫ್ ಅವಾರ್ಡ್ ಸರ್ಚ್ ಮತ್ತು ಆರೋಗ್ಯ ವಿಷಯಗಳಿಗೆ ಎನ್‌ಐಎಚ್ ರಿಪೋರ್ಟರ್, ಬ್ರಿಟನ್‌ನದ್ದು ಗೇಟ್‌ವೇ ಟು ರಿಸರ್ಚ್. ನಿಮ್ಮ ವಿಷಯದ ಎರಡು ಮೂರು ಪದ ಹಾಕಿ, ಶುರುವಾದ ದಿನಾಂಕದ ಪ್ರಕಾರ ಜೋಡಿಸಿ. ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ನ ಸ್ಟಾರ್ಟಿಂಗ್ ಗ್ರಾಂಟ್ ಎಂದರೆ ಐದು ವರ್ಷಕ್ಕೆ 15 ಲಕ್ಷ ಯೂರೋವರೆಗೆ. ಅದು ಸಿಕ್ಕ ಯುವ ಪ್ರೊಫೆಸರ್ ಒಬ್ಬರೇ ಕೂತು ಅಷ್ಟು ಕೆಲಸ ಮಾಡಲಾರರು. ಮುಂದಿನ ಕೆಲವು ತಿಂಗಳಲ್ಲಿ ಒಂದಿಬ್ಬರು ಸಂಶೋಧನಾರ್ಥಿಗಳನ್ನು ತೆಗೆದುಕೊಳ್ಳಲೇಬೇಕು. ಆ ಹೊತ್ತಿಗೆ ಸರಿಯಾಗಿ ನಿಮ್ಮ ಪತ್ರ ತಲುಪಿದರೆ ಓದುವ ಮನಸ್ಸು ಅವರಿಗೆ ಇರುತ್ತದೆ. ಅದೇ ಪ್ರೊಫೆಸರ್‌ಗೆ ಗ್ರಾಂಟಿನ ಕೊನೆಯ ವರ್ಷದಲ್ಲಿ ಬರೆದರೆ ಎಷ್ಟೇ ಜಾಣರಾದರೂ ಉತ್ತರ ‘ಕ್ಷಮಿಸಿ’ ಎಂದೇ. ಸಂಶೋಧನಾ ಪೇಪರುಗಳ ಕೊನೆಯಲ್ಲಿ ಬರುವ ಕೃತಜ್ಞತೆಯ ಸಾಲುಗಳನ್ನೂ ಓದಿ. ಹಣ ಕೊಟ್ಟವರ ಹೆಸರು, ಗ್ರಾಂಟಿನ ನಂಬರು ಅಲ್ಲೇ ಇರುತ್ತದೆ.

ಇದು ವಿಜ್ಞಾನ, ಎಂಜಿನಿಯರಿಂಗ್‌ಗೆ ಚೆನ್ನಾಗಿ ನಡೆಯುತ್ತದೆ. ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರದವರಿಗೆ ಅಷ್ಟಾಗಿ ಅಲ್ಲ. ಅಲ್ಲಿ ಹಣ ಪ್ರೊಫೆಸರ್‌ಗಿಂತ ವಿಭಾಗದ ಅಥವಾ ವಿದ್ಯಾರ್ಥಿಯ ಹೆಸರಿಗೆ ಬರುವುದು ಹೆಚ್ಚು. ಅವರು ಗ್ರಾಂಟುಗಳ ಬೆನ್ನು ಹತ್ತುವ ಹೊತ್ತನ್ನು ಸಂಶೋಧನಾ ಪ್ರಸ್ತಾವ ತಿದ್ದಲು ಕೊಟ್ಟರೆ ಒಳ್ಳೆಯದು.

ಪ್ರೊಫೆಸರ್‌ಗೆ ಬರೆಯುವ ಪತ್ರ ಹದಿನೈದು ಸಾಲು ದಾಟಬಾರದು. ‘ಗೌರವಾನ್ವಿತ ಪ್ರೊಫೆಸರ್, ನಿಮ್ಮ ಅದ್ಭುತ ಸಂಶೋಧನೆ ನೋಡಿ ಪ್ರಭಾವಿತನಾದೆ’ ಎಂದು ಐವತ್ತು ಜನರಿಗೆ ಒಂದೇ ಪತ್ರ ಕಳಿಸುವವರ ಸಾಲಿನಲ್ಲಿ ನಿಲ್ಲಬೇಡಿ, ಅಂಥವು ಮೊದಲ ಸಾಲಿಗೇ ಕಸದಬುಟ್ಟಿ ಸೇರುತ್ತವೆ. ಅವರ ಇತ್ತೀಚಿನ ಒಂದು ಪೇಪರ್ ನಿಜವಾಗಿ ಓದಿ, ಅದರ ಮೂರನೇ ಚಿತ್ರದಲ್ಲೋ ಮಿತಿಗಳ ಬಗ್ಗೆ ಬರೆದ ಭಾಗದಲ್ಲೋ ಉಳಿದ ಒಂದು ಪ್ರಶ್ನೆ ಎತ್ತಿ. ನೀವು ಮಾಡಿರುವ ಕೆಲಸ ಆ ಪ್ರಶ್ನೆಗೆ ಹೇಗೆ ತಾಗುತ್ತದೆ ಎಂದು ಎರಡು ಸಾಲು. ಕೊನೆಗೆ ನೇರ ಮಾತು: ಮುಂದಿನ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ, ಇಂಥ ಫೆಲೋಶಿಪ್‌ಗೆ ಅರ್ಜಿ ಹಾಕಿದರೆ ಬೆಂಬಲಿಸುತ್ತೀರಾ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಅಷ್ಟೇ. ಅಮೆರಿಕದ ಹಲವು ವಿಭಾಗಗಳಲ್ಲಿ ಆಯ್ಕೆ ಸಮಿತಿಯದೇ ತೀರ್ಮಾನವಾದ್ದರಿಂದ ಅಲ್ಲಿ ಈ ಪತ್ರಕ್ಕೆ ತೂಕ ಕಡಿಮೆ. ಜರ್ಮನಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಇದರ ಮೇಲೆಯೇ ನಿಂತಿರಬಹುದು.

ವೇಳೆಯ ಲೆಕ್ಕವೂ ದಾರಿಗೊಂದು ತೆರ. ಅಮೆರಿಕದ ಗಡುವುಗಳು ಬಹುತೇಕ ಡಿಸೆಂಬರ್‌ನ ಮೊದಲ ಎರಡು ವಾರದಲ್ಲಿ, ಹಾಂಗ್‌ಕಾಂಗ್ ಫೆಲೋಶಿಪ್‌ನದು ಸಾಮಾನ್ಯವಾಗಿ ಡಿಸೆಂಬರ್ ಮೊದಲ ದಿನ. ಸೇರುವುದು ಮುಂದಿನ ಆಗಸ್ಟ್ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ತಯಾರಿಗೆ ಸೇರುವ ದಿನಕ್ಕಿಂತ ಒಂದೂವರೆ ವರ್ಷ ಮೊದಲೇ ಕೂರಬೇಕು. ಯುರೋಪಿನ ನೌಕರಿ ಮಾದರಿಗೆ ಹಂಗಾಮು ಇಲ್ಲ. ವರ್ಷವಿಡೀ ಜಾಹೀರಾತು ಬರುತ್ತದೆ, ಮೂರು ನಾಲ್ಕು ವಾರದ ಗಡುವು ಇರುತ್ತದೆ. ಶಿಫಾರಸು ಪತ್ರ ಬರೆಯುವವರಿಗೆ ಕನಿಷ್ಠ ಒಂದು ತಿಂಗಳು ಕೊಡಿ. ಗಡುವಿನ ಹಿಂದಿನ ರಾತ್ರಿ ಕೇಳಿದ ಶಿಫಾರಸು ಹೇಗಿರುತ್ತದೆ ಎಂದು ಬರೆದ ಯಾರನ್ನಾದರೂ ಕೇಳಿ ನೋಡಿ.

ಯಾರಿಗೆ ಯಾವುದು

ಮೂವತ್ತು ದಾಟಿದೆ, ಮನೆ ಮಕ್ಕಳ ಜವಾಬ್ದಾರಿ ಇದೆ, ಸ್ನಾತಕೋತ್ತರ ಮುಗಿದಿದೆ, ವಿಷಯ ಸ್ವಲ್ಪ ಅತ್ತಿತ್ತ ಆದರೂ ಪರವಾಗಿಲ್ಲ ಎನ್ನುವವರು ನೌಕರಿ ಮಾದರಿಗೆ ಹೋಗಲಿ. ಸ್ವೀಡನ್, ನೆದರ್ಲೆಂಡ್ಸ್ ಮೊದಲು, ಶೇಕಡಾವಾರು ಒಳ್ಳೆಯದಿದ್ದರೆ ಜರ್ಮನಿ. ಈಗಷ್ಟೇ ಪದವಿ ಮುಗಿಸಿ ದಿಕ್ಕು ಇನ್ನೂ ಹುಡುಕುತ್ತಿರುವವರಿಗೆ ಅಮೆರಿಕ, ಹಣದ ಸದ್ಯದ ಅನಿಶ್ಚಿತತೆಯನ್ನು ಗಮನದಲ್ಲಿಟ್ಟುಕೊಂಡು. ತಮ್ಮದೇ ಪ್ರಶ್ನೆ ಗಟ್ಟಿಯಾಗಿ ಇರುವವರಿಗೆ ಹೆಸರಿಗೆ ಬರುವ ಫೆಲೋಶಿಪ್ ಅಥವಾ ಬ್ರಿಟನ್. ಮಾನವಿಕ ವಿಷಯದವರು ಸ್ವಂತ ಫೆಲೋಶಿಪ್ ಮತ್ತು ಅಮೆರಿಕದ ವಿಭಾಗಗಳು ಎರಡಕ್ಕೂ ಒಟ್ಟಿಗೆ ಪ್ರಯತ್ನಿಸಬೇಕು, ಒಂದನ್ನೇ ನಂಬಿ ಕೂರುವಷ್ಟು ಸೀಟುಗಳಿಲ್ಲ.

ಒಂದೇ ಸಮಕ್ಕೆ ಎರಡು ಪ್ರಸ್ತಾವ ಕೈಗೆ ಬಂದಾಗ ಮೊತ್ತಕ್ಕಿಂತ ಮೊದಲು ಅಲ್ಲಿನ ಈಗಿನ ವಿದ್ಯಾರ್ಥಿಗಳ ಜೊತೆ ಮಾತಾಡಿ, ಗೈಡ್ ಕೊಟ್ಟ ಹೆಸರುಗಳಲ್ಲದೆ ನೀವೇ ಹುಡುಕಿದ ಒಬ್ಬರ ಜೊತೆಗೂ. ‘ಗೈಡ್ ಒಳ್ಳೆಯವರಾ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಕೇಳಬೇಕಾದ್ದು: ಹಿಂದಿನ ಐದು ಜನ ಎಷ್ಟು ವರ್ಷಕ್ಕೆ ಮುಗಿಸಿದರು, ಮಧ್ಯದಲ್ಲಿ ಬಿಟ್ಟವರು ಯಾರಾದರೂ ಇದ್ದಾರಾ, ಕರಡು ಕೊಟ್ಟರೆ ಎಷ್ಟು ವಾರಕ್ಕೆ ವಾಪಸ್ ಬರುತ್ತದೆ, ಹಣ ಮುಗಿದ ಮೇಲೆ ಕೊನೆಯ ಅಧ್ಯಾಯ ಬರೆದವರು ಹೇಗೆ ಬದುಕಿದರು. ಪ್ರಸ್ತಾವ ಪತ್ರದಲ್ಲಿ ‘ಹಣ ಲಭ್ಯವಿದ್ದಲ್ಲಿ’ ಎಂಬ ಮಾತು ಇದ್ದರೆ ಯಾವ ವರ್ಷದವರೆಗೆ ಖಾತ್ರಿ, ಎಲ್ಲಿಂದ ಮುಂದೆ ನಿರೀಕ್ಷೆ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಆರಂಭಿಕ ಸಂಬಳ ತಿಂಗಳ ಕೊನೆಗೆ ಬರುತ್ತದೆ, ಬಾಡಿಗೆ ಮುಂಗಡ ಮೊದಲೇ ಕೊಡಬೇಕು, ವೀಸಾ ಶುಲ್ಕ ಅದಕ್ಕೂ ಮೊದಲು. ಈ ಮೊದಲ ಎರಡು ತಿಂಗಳ ಹಣವನ್ನು ಯಾವ ಫೆಲೋಶಿಪ್ಪೂ ಮುಂಚಿತವಾಗಿ ಕೊಡುವುದು ಅಪರೂಪ, ಅದನ್ನು ಬೇರೆಯಾಗಿ ಕೂಡಿಟ್ಟುಕೊಳ್ಳಿ.

ಪ್ರವೇಶ ಕೊಡಿಸುತ್ತೇವೆ, ಗೈಡ್ ಹುಡುಕಿಕೊಡುತ್ತೇವೆ, ಪೇಪರ್ ಪ್ರಕಟಿಸಿಕೊಡುತ್ತೇವೆ ಎಂದು ದುಡ್ಡು ಕೇಳುವ ಮಧ್ಯವರ್ತಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೇಲಿನ ಯಾವ ದಾರಿಯಲ್ಲೂ ಅವರಿಗೆ ಜಾಗವಿಲ್ಲ.

ಅಮೆರಿಕದ ವಿಭಾಗಗಳಿಗೆ ಉತ್ತರ ಕೊಡಲು ಏಪ್ರಿಲ್ 15 ಎಂಬ ದಿನ ಇದೆ. ಅಲ್ಲಿನ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ಹಣದೊಂದಿಗೆ ಬಂದ ಪ್ರವೇಶಕ್ಕೆ ಅದಕ್ಕಿಂತ ಮೊದಲು ತೀರ್ಮಾನ ಹೇಳಿ ಎಂದು ನಿಮ್ಮನ್ನು ಒತ್ತಾಯಿಸುವಂತಿಲ್ಲ. ಯುರೋಪಿನ ನೌಕರಿಗಳಲ್ಲಿ ಆ ರಕ್ಷಣೆ ಇಲ್ಲ, ಒಂದು ವಾರದಲ್ಲಿ ಉತ್ತರ ಬೇಕೆನ್ನುವುದೂ ಉಂಟು. ಆಗ ಮತ್ತೊಂದು ಕಡೆಯ ಫಲಿತಾಂಶಕ್ಕೆ ಕಾಯುತ್ತಿದ್ದೇನೆಂದು ನೇರವಾಗಿ ಹೇಳಿ ಹತ್ತು ದಿನ ಕೇಳುವುದರಲ್ಲಿ ತಪ್ಪಿಲ್ಲ, ಹಲವರು ಕೊಡುತ್ತಾರೆ. ಬೇಡವೆಂದು ನಿರ್ಧರಿಸಿದ ಸೀಟನ್ನು ಮಾತ್ರ ಕೊನೆಯ ದಿನದವರೆಗೆ ಹಿಡಿದಿಡಬೇಡಿ. ನೀವು ಬಿಟ್ಟ ದಿನವೇ ಅದು ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಹೋಗುತ್ತದೆ.